ಹಿಂದೆ ನಿಂತ ಮೂವರು

1967ರಲ್ಲಿ ಬಂದ ‘ಬರ್ನಡೆಟ್’ ಮೂರು ನಿಮಿಷದ ಹಾಡು. ಎರಡೂವರೆ ನಿಮಿಷ ದಾಟಿದ ಮೇಲೆ ಒಂದು ಕಡೆ ವಾದ್ಯಗಳೆಲ್ಲ ಗಪ್ಪನೆ ನಿಲ್ಲುತ್ತವೆ. ಹಿಮ್ಮೇಳದವರ ದನಿ ಮಾತ್ರ ಕ್ಷಣಕಾಲ ಗಾಳಿಯಲ್ಲಿ ತೂಗಿ, ಅದೂ ಆರಿಹೋಗುತ್ತದೆ. ಹಾಡು ಮುಗಿಯಿತು ಎಂದು ಕೇಳುಗರು ಅಂದುಕೊಳ್ಳುವಷ್ಟರಲ್ಲಿ ಲೀವೈ ಸ್ಟಬ್ಸ್ ಒಬ್ಬರೇ ಆ ಹೆಣ್ಣಿನ ಹೆಸರನ್ನು ಕೂಗುತ್ತಾರೆ. ಕಳೆದುಹೋದ ಮಗುವನ್ನು ಜಾತ್ರೆಯಲ್ಲಿ ಕರೆಯುವ ಹಾಗಿದೆ ಆ ಕೂಗು. ತಕ್ಷಣ ವಾದ್ಯಗಳೂ ಹಿಮ್ಮೇಳವೂ ಮತ್ತೆ ನುಗ್ಗಿ ಬಂದು ಅವರನ್ನು ಹಿಡಿದುಕೊಳ್ಳುತ್ತವೆ. ಹಾಡಿನ ಬಗ್ಗೆ ಬರೆದವರೆಲ್ಲ ಈ ಕೂಗನ್ನು ನೆನೆಯುತ್ತಾರೆ. ಅದು ಅಷ್ಟು ನಾಟುವುದೇಕೆ ಎಂದು ತಿಳಿಯಬೇಕಾದರೆ ಅದಕ್ಕೂ ಹಿಂದಿನದನ್ನು ಕೇಳಬೇಕು. ಅಷ್ಟು ಹೊತ್ತು ಸ್ಟಬ್ಸ್ ಏನೆಂದರೂ ಹಿಂದಿನಿಂದ ಓಗೊಡುವವರಿದ್ದರು. ಆ ಒಂದು ಕ್ಷಣ ಯಾರೂ ಇಲ್ಲ.

ಅಮೆರಿಕದ ಡೆಟ್ರಾಯಿಟ್ ನಗರದ ‘ಫೋರ್ ಟಾಪ್ಸ್’ ತಂಡದ ಹಾಡು ಇದು. ಲೀವೈ ಸ್ಟಬ್ಸ್, ಅಬ್ದುಲ್ ‘ಡ್ಯೂಕ್’ ಫಕೀರ್, ರೆನಾಲ್ಡೊ ‘ಓಬಿ’ ಬೆನ್ಸನ್, ಲಾರೆನ್ಸ್ ಪೇಟನ್ ಎಂಬ ನಾಲ್ವರು 1953ರಲ್ಲಿ ಒಟ್ಟಿಗೆ ಹಾಡಲು ತೊಡಗಿ, 1997ರಲ್ಲಿ ಪೇಟನ್ ತೀರಿಕೊಳ್ಳುವವರೆಗೆ 44 ವರ್ಷ ಒಬ್ಬರೂ ಬದಲಾಗದೆ ಜೊತೆಯಲ್ಲಿದ್ದರು. ಸೋಲ್ ಸಂಗೀತದ ಲೋಕದಲ್ಲಿ ಇದು ಹೆಚ್ಚುಕಡಿಮೆ ಪವಾಡ. ಹಾಗಾಗಿ ಇವರ ಕತೆಯನ್ನು ಸ್ನೇಹದ ನೀತಿಕತೆಯಾಗಿ ಹೇಳುವುದು ವಾಡಿಕೆಯಾಗಿಬಿಟ್ಟಿದೆ. ನಾಲ್ವರು ಒಳ್ಳೆಯವರಿದ್ದರು, ಜಗಳವಾಡಲಿಲ್ಲ, ಮುಖ್ಯ ಗಾಯಕ ಅಹಂಕಾರ ಪಡಲಿಲ್ಲ, ಶುಭಂ. ನನಗೆ ಈ ಕತೆ ಸಾಲದು. ಒಟ್ಟಿಗಿದ್ದದ್ದು ಅವರ ಗುಣಕ್ಕೆ ಮಾತ್ರ ಸೇರಿದ ಸಂಗತಿಯಲ್ಲ, ಅವರ ನಾದದ ಒಳಗಿನ ಸಂಗತಿಯೂ ಹೌದು ಎಂಬುದು ನನ್ನ ವಾದ. ಸ್ಟಬ್ಸ್ ದೊಡ್ಡ ಗಾಯಕ, ಅನುಮಾನವಿಲ್ಲ. ಆದರೆ ಆ ದನಿ ದೊಡ್ಡದೆಂದು ನಮಗೆ ಕೇಳಿಸುವುದು ಅದಕ್ಕೆ ಉತ್ತರ ಕೊಡುವವರಿರುವುದರಿಂದ.

ಮೊದಲಿಗೆ ಇವರು ಬಂದ ದಾರಿ ನೋಡೋಣ. ಕಾರು ಕಾರ್ಖಾನೆಗಳ ಡೆಟ್ರಾಯಿಟ್ ಎಲ್ಲೆಲ್ಲಿಂದಲೋ ಕೂಲಿಗೆ ಜನರನ್ನು ಎಳೆದುಕೊಂಡ ಊರು. ಅಮೆರಿಕದ ದಕ್ಷಿಣ ಸೀಮೆಯ ಕರಿಯರ ಕುಟುಂಬಗಳು ಸಾಲುಸಾಲಾಗಿ ಅಲ್ಲಿಗೆ ಬಂದವು. ಅಷ್ಟೇ ಅಲ್ಲ, ಬ್ರಿಟಿಷ್ ಆಳ್ವಿಕೆಯ ಬಂಗಾಳದಿಂದಲೂ ಕೆಲವರು ಬಂದು ನೆಲೆ ನಿಂತರು. ಡ್ಯೂಕ್ ಫಕೀರರ ತಂದೆ ಹಾಗೆ ಈಗಿನ ಬಾಂಗ್ಲಾದೇಶದ ಕಡೆಯಿಂದ ಬಂದು ಕಾರ್ಖಾನೆ ಸೇರಿದವರು, ಸಿತಾರ್ ನುಡಿಸುತ್ತಿದ್ದವರು. ತಾಯಿ ಕರಿಯರ ಚರ್ಚಿನ ಹಾಡಿನ ಪರಂಪರೆಯವರು. ತಂದೆಯ ಸಿತಾರ್ ಮಗನ ಹಾಡಿನಲ್ಲಿ ಕೇಳುತ್ತದೆ ಎಂದು ಹೇಳಲು ನಾನು ಹೋಗುವುದಿಲ್ಲ. ಅಂಥ ಮಾತು ನಮ್ಮವರಿಗೆ ಹಿತವಾಗಿರುತ್ತದೆ, ಅಷ್ಟೆ. ಕೇಳುವುದು ತಾಯಿಯ ಚರ್ಚು. ಅಲ್ಲಿ ಬೋಧಕ ಒಂದು ಮಾತು ಎತ್ತುತ್ತಾನೆ, ಸಭೆ ಅದಕ್ಕೆ ಓಗೊಡುತ್ತದೆ, ಆ ಓಗೊಡುವಿಕೆಯಿಂದ ಬೋಧಕನ ದನಿ ಇನ್ನೊಂದು ಮೆಟ್ಟಿಲು ಏರುತ್ತದೆ. ನಮ್ಮ ಭಜನೆಯಲ್ಲೂ ಒಬ್ಬರು ಹೇಳಿಕೊಟ್ಟದ್ದನ್ನು ಉಳಿದವರು ಹಾಡುತ್ತಾರೆ, ಆದರೆ ಹಾಡುವುದು ಹೆಚ್ಚಾಗಿ ಅದೇ ಸಾಲನ್ನು, ಅದೇ ಸ್ವರದಲ್ಲಿ. ಅಲ್ಲಿನ ಸಭೆ ಬೇರೆ ಮಾತಿನಲ್ಲೂ ಉತ್ತರಿಸುತ್ತದೆ: ಹೌದೆನ್ನುತ್ತದೆ, ಇನ್ನೂ ಹೇಳು ಎನ್ನುತ್ತದೆ, ನಡುವೆ ಬಾಯಿ ಹಾಕುತ್ತದೆ. ಈ ಚರ್ಚಿನ ಕೂಗನ್ನು ತಂದು ಪ್ರೇಮಗೀತೆಗೆ ಕೂರಿಸಿದಾಗ ಹುಟ್ಟಿದ್ದೇ ಸೋಲ್.

ಮೊದಲು ‘ಫೋರ್ ಏಮ್ಸ್’ ಎಂದು ಹೆಸರಿಟ್ಟುಕೊಂಡಿದ್ದ ಈ ಹುಡುಗರು, ‘ಏಮ್ಸ್ ಬ್ರದರ್ಸ್’ ಎಂಬ ಇನ್ನೊಂದು ತಂಡದ ಜೊತೆ ಗೊಂದಲವಾಗದಿರಲೆಂದು ಹೆಸರು ಬದಲಿಸಿದರು. 1956ರಲ್ಲಿ ಚೆಸ್ ಕಂಪನಿಗೆ ಒಂದು ರೆಕಾರ್ಡು ಕೊಟ್ಟರು, ಆಮೇಲೆ ಕೊಲಂಬಿಯಾ ಮುಂತಾದ ಕಂಪನಿಗಳ ಬಾಗಿಲು ತಟ್ಟಿದರು. ಒಂದೂ ಓಡಲಿಲ್ಲ. ಮೋಟೌನ್ ಕಂಪನಿಯನ್ನು ಸೇರಿದ್ದು 1963ರಲ್ಲಿ, ಮೊದಲ ಗೆಲುವು ‘ಬೇಬಿ ಐ ನೀಡ್ ಯುವರ್ ಲವಿಂಗ್’ ಬಂದದ್ದು 1964ರಲ್ಲಿ. ಎಂದರೆ ಹತ್ತು ವರ್ಷಕ್ಕೂ ಮಿಕ್ಕಿ ಅವರು ಹೋಟೆಲು, ಕ್ಲಬ್ಬುಗಳಲ್ಲಿ ಊಟ ಮಾಡುವವರ ಮುಂದೆ ಹಾಡಿದ್ದರು, ಜಾಜ್ ಗಾಯಕ ಬಿಲ್ಲಿ ಎಕ್‌ಸ್ಟೀನ್ ಜೊತೆ ಊರೂರು ತಿರುಗಿದ್ದರು. ಕ್ಲಬ್ಬಿನಲ್ಲಿ ಜನ ಮಾತಾಡುತ್ತಿರುತ್ತಾರೆ, ಲೋಟಗಳು ತಾಕುತ್ತಿರುತ್ತವೆ. ಅಲ್ಲಿ ನಾಲ್ಕು ದನಿ ಒಂದಕ್ಕೊಂದು ಹೊಂದಿಕೊಳ್ಳದಿದ್ದರೆ ಯಾರೂ ತಲೆಯೆತ್ತಿ ನೋಡುವುದಿಲ್ಲ. ಯಾರು ಯಾವ ಸ್ವರ ಹಿಡಿಯಬೇಕು ಎಂದು ಗೊತ್ತು ಮಾಡುತ್ತಿದ್ದವರು ಪೇಟನ್. ಮೋಟೌನ್‌ನಲ್ಲಿ ತಂಡ ಮೊದಲು ಮಾಡಿದ್ದು ‘ಬ್ರೇಕಿಂಗ್ ಥ್ರೂ’ ಎಂಬ ಜಾಜ್ ಛಾಯೆಯ ಆಲ್ಬಮ್. ಕಂಪನಿ ಅದನ್ನು ಪೆಟ್ಟಿಗೆಯಲ್ಲಿಟ್ಟಿತು. ಅದು ಹೊರಬಂದದ್ದು 1999ರಲ್ಲಿ, ಪೇಟನ್ ಇಲ್ಲವಾದ ಮೇಲೆ. ಮೋಟೌನ್‌ಗೆ ಬಂದ ಅನೇಕರು ಹದಿಹರೆಯದ ಮಕ್ಕಳು, ಅಲ್ಲಿ ಬಂದು ಪಾಠ ಕಲಿತವರು. ಟಾಪ್ಸ್ ಕಲಿತು ಬಂದವರು.

ಮೋಟೌನ್‌ನಲ್ಲಿ ಇವರಿಗೆ ಸಿಕ್ಕಿದ್ದು ಬ್ರಯನ್ ಹಾಲೆಂಡ್, ಲಾಮಂಟ್ ಡೋಜ಼ಿಯರ್, ಎಡ್ಡಿ ಹಾಲೆಂಡ್ ಎಂಬ ಮೂವರು ರಚನೆಕಾರರು. ಅವರು ಮಾಡಿದ ಒಂದು ಕಿತಾಪತಿಯೇ ಈ ತಂಡದ ಭವಿಷ್ಯವನ್ನು ಬರೆಯಿತು. ಸ್ಟಬ್ಸ್ ಅವರದು ಬ್ಯಾರಿಟೋನ್, ಗಂಡುದನಿಗಳಲ್ಲಿ ನಡುವಿನದು, ಎದೆಯಿಂದ ಬರುವ ತೂಕದ ದನಿ. ಆ ಕಾಲದ ತಂಡಗಳಲ್ಲಿ ಮುಂದೆ ನಿಲ್ಲುತ್ತಿದ್ದವರು ಹೆಚ್ಚಾಗಿ ಎತ್ತರದ, ತೆಳು ದನಿಯವರು. ರಚನೆಕಾರರು ಸ್ಟಬ್ಸ್‌ಗೆ ಹಿತವಾದ ಶ್ರುತಿಯಲ್ಲಿ ಹಾಡು ಕಟ್ಟದೆ, ಬೇಕೆಂತಲೇ ಅವರ ದನಿಯ ಮೇಲಿನ ಅಂಚಿಗೆ ಶ್ರುತಿ ಏರಿಸಿದರು. ಭಾರ ಹೊತ್ತವನನ್ನು ಏಣಿ ಹತ್ತಿಸಿದ ಹಾಗೆ. ಸ್ವರ ಮುಟ್ಟುತ್ತದೆ, ಆದರೆ ಮುಟ್ಟುವ ಶ್ರಮವೂ ಕೇಳುತ್ತದೆ. ಪ್ರೇಮಭಿಕ್ಷೆಯ ಹಾಡಿಗೆ ಅದಕ್ಕಿಂತ ತಕ್ಕ ದನಿ ಯಾವುದು? ನಮ್ಮ ಸಂಗೀತದಲ್ಲಿ ತಾರಸ್ಥಾಯಿಯನ್ನು ಸಲೀಸಾಗಿ ಮುಟ್ಟಿದವರಿಗೆ ಚಪ್ಪಾಳೆ. ಇಲ್ಲಿ ಸಲೀಸು ಕಂಡರೆ ಹಾಡು ಸತ್ತಂತೆ. ಆದರೆ ಶ್ರಮಪಡುವ ದನಿಯನ್ನು ಒಂಟಿಯಾಗಿ ಮೂರು ನಿಮಿಷ ಕೇಳುವುದು ಕಷ್ಟ, ಸ್ವಲ್ಪ ಹೊತ್ತಿಗೇ ಅದು ಬರೀ ಅರಚಾಟವಾಗುತ್ತದೆ. ಆಗ ಬೇಕಾಗುತ್ತದೆ ಹಿಂದೆ ಒಂದು ನಯವಾದ ಗೋಡೆ. ಹತ್ತು ವರ್ಷ ಕ್ಲಬ್ಬುಗಳಲ್ಲಿ ಉಜ್ಜಿ ಉಜ್ಜಿ ಹೊಳಪು ಬಂದ ಆ ಮೂರು ದನಿಗಳು ಈ ಕೆಲಸಕ್ಕೇ ಕಾದಿದ್ದಂತಿದ್ದವು. ಮುಂದಿನವರು ಒರಟಾದಷ್ಟೂ ಹಿಂದಿನವರು ನುಣುಪಾಗುತ್ತಾರೆ.

1966ರ ‘ರೀಚ್ ಔಟ್ ಐ ವಿಲ್ ಬಿ ದೇರ್’ ಹಾಡನ್ನು ಕೇಳಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಕೊಳಲಿನ ಜಾತಿಯ ವಾದ್ಯಗಳು ಏನೋ ಅಪಶಕುನದಂತೆ ಶುರುಮಾಡುತ್ತವೆ, ಕುದುರೆಯ ಗೊರಸಿನಂಥ ತಾಳ ಬೀಳುತ್ತದೆ. ಚರಣದಲ್ಲಿ ಸ್ಟಬ್ಸ್ ಹಾಡುವುದಕ್ಕಿಂತ ಹೆಚ್ಚಾಗಿ ಮಾತಾಡುತ್ತಾರೆ, ಕೂಗುತ್ತಾರೆ. ಬಾಬ್ ಡಿಲನ್ ಹಾಡುವ ಧಾಟಿ ತಮ್ಮ ತಲೆಯಲ್ಲಿತ್ತು ಎಂದು ಡೋಜ಼ಿಯರ್ ಹೇಳಿಕೊಂಡಿದ್ದಾರೆ. ಚರಣದ ಉದ್ದಕ್ಕೂ ಮೋಡ ಕವಿದ ಸ್ವರಗಳು. ಪಲ್ಲವಿ ಬಂದಾಗ ಬಿಸಿಲು. ನಿನಗೆ ನಾನಿದ್ದೇನೆ ಎಂಬ ಭರವಸೆಯ ಆ ಮಾತನ್ನು ಹಿಮ್ಮೇಳ ಎತ್ತಿ ಹಿಡಿಯುತ್ತದೆ. ಇಲ್ಲಿ ಯೋಚಿಸಬೇಕಾದ ಅಂಶವಿದೆ. ಭರವಸೆ ಕೊಡುತ್ತಿರುವ ಸ್ಟಬ್ಸ್ ದನಿಯೇ ಮುಳುಗುತ್ತಿರುವವನ ದನಿಯಂತಿದೆ. ಒಬ್ಬರೇ ಹೇಳಿದ್ದರೆ ನಾವು ನಂಬುತ್ತಿರಲಿಲ್ಲ. ಹಿಂದಿನಿಂದ ಇಷ್ಟು ಜನ ಹೌದು ಎಂದಾಗ ನಂಬುತ್ತೇವೆ. ಅಂದಹಾಗೆ ಈ ಹಾಡು ತಂಡದವರಿಗೇ ಹಿಡಿಸಿರಲಿಲ್ಲ. ಇದೇನೋ ಪ್ರಯೋಗ, ದಯವಿಟ್ಟು ಬಿಡುಗಡೆ ಮಾಡಬೇಡಿ ಎಂದು ಕಂಪನಿಯ ಯಜಮಾನ ಬೆರ್ರಿ ಗಾರ್ಡಿಯನ್ನು ಬೇಡಿಕೊಂಡಿದ್ದಾಗಿ ಫಕೀರ್ ಮುಂದೆ ನೆನೆಸಿಕೊಂಡರು. ಅದು ಅಮೆರಿಕ ಮತ್ತು ಬ್ರಿಟನ್ ಎರಡೂ ಕಡೆ ಮೊದಲ ಸ್ಥಾನಕ್ಕೇರಿತು.

ಇಷ್ಟು ಹೇಳಿದ ಮೇಲೆ ಒಂದು ತಕರಾರು ಏಳುತ್ತದೆ, ಏಳಲೇಬೇಕು. ಇದರಲ್ಲಿ ಟಾಪ್ಸ್ ಅವರದ್ದೇನು? ಹಾಡು ಬರೆದವರು ಬೇರೆ, ಶ್ರುತಿ ಗೊತ್ತು ಮಾಡಿದವರು ಬೇರೆ, ನುಡಿಸಿದವರು ‘ಫಂಕ್ ಬ್ರದರ್ಸ್’ ಎಂದು ಹೆಸರಾದ ಕಂಪನಿಯ ವಾದ್ಯಗಾರರು. ಒಂದೇ ಬೆರಳಿನಲ್ಲಿ ಬಾಸ್ ಗಿಟಾರ್ ಮೀಟುತ್ತಿದ್ದ ಜೇಮ್ಸ್ ಜೇಮರ್ಸನ್‌ರನ್ನು ತೆಗೆದರೆ ‘ಬರ್ನಡೆಟ್’ನಲ್ಲಿ ಅರ್ಧ ಜೀವವೂ ಉಳಿಯುವುದಿಲ್ಲ. ಗಾರ್ಡಿ ಸ್ವತಃ ಕಾರು ಕಾರ್ಖಾನೆಯಲ್ಲಿ ದುಡಿದವರು. ಮನೆಯವರಿಂದ 800 ಡಾಲರ್ ಸಾಲ ಪಡೆದು 1959ರಲ್ಲಿ ಕಂಪನಿ ಶುರುಮಾಡಿ, ಕಾರಿನಂತೆಯೇ ಹಾಡನ್ನೂ ಸಾಲಿನಲ್ಲಿ ಜೋಡಿಸಿ ಹೊರಬಿಡಬೇಕೆಂದು ಹೊರಟವರು. ಟಾಪ್ಸ್ ಈ ಸಾಲಿನಲ್ಲಿ ಬರೀ ಒಂದು ಬಿಡಿಭಾಗವಲ್ಲವೆ? ಈ ಆಕ್ಷೇಪಕ್ಕೆ ಬಲ ಕೊಡುವ ಘಟನೆಯೂ ಇದೆ. 1965ರಲ್ಲಿ ‘ಐ ಕಾಂಟ್ ಹೆಲ್ಪ್ ಮೈಸೆಲ್ಫ್’ ಮೊದಲ ಸ್ಥಾನಕ್ಕೇರಿದಾಗ, ಕೊಲಂಬಿಯಾ ಕಂಪನಿ ಗಾಳಿ ಬಂದಾಗ ತೂರಿಕೊಳ್ಳೋಣವೆಂದು ತನ್ನಲ್ಲಿದ್ದ ಇವರ ಹಳೆಯ ರೆಕಾರ್ಡನ್ನು ಮತ್ತೆ ಮಾರುಕಟ್ಟೆಗೆ ಬಿಟ್ಟಿತು. ಅದಕ್ಕೆ ಮದ್ದಾಗಿ ತಕ್ಷಣ ಹೊಸ ಹಾಡು ಬೇಕೆಂದು ಗಾರ್ಡಿ ಹಟ ಹಿಡಿದರು. ರಚನೆಕಾರರು ಗೆದ್ದ ಹಾಡಿನ ಎಲುಬುಗೂಡನ್ನೇ ತಿರುಗಿಸಿ ಮುರುಗಿಸಿ ಒಂದು ದಿನದೊಳಗೆ ಹೊಸದೊಂದನ್ನು ಕಟ್ಟಿದರು. ಅದಕ್ಕಿಟ್ಟ ಹೆಸರು ‘ಇಟ್ಸ್ ದಿ ಸೇಮ್ ಓಲ್ಡ್ ಸಾಂಗ್’, ಅದೇ ಹಳೇ ಹಾಡು! ಅದೂ ಐದನೇ ಸ್ಥಾನಕ್ಕೆ ಹೋಯಿತು. ಕಾರ್ಖಾನೆ ಎಂಬ ಬೈಗುಳಕ್ಕೆ ಕಾರ್ಖಾನೆಯೇ ನಕ್ಕ ಹಾಗೆ.

ಆದರೆ ಈ ಘಟನೆ ಇನ್ನೊಂದನ್ನೂ ಸಾಬೀತು ಮಾಡುತ್ತದೆ. ಒಂದು ದಿನದಲ್ಲಿ ಹಾಡು ಬರೆಯಬಹುದು, ವಾದ್ಯ ನುಡಿಸಬಹುದು. ಒಂದು ದಿನದಲ್ಲಿ ನಾಲ್ಕು ದನಿಗಳನ್ನು ಹೊಂದಿಸಲು ಆಗುವುದಿಲ್ಲ. ಹನ್ನೆರಡು ವರ್ಷ ಹೊಂದಿಕೊಂಡವರು ಎದುರಿಗಿದ್ದುದರಿಂದಲೇ ಆ ಆತುರ ಸಾಧ್ಯವಾಯಿತು. ಅದೇ ರಚನೆಕಾರರು, ಅದೇ ವಾದ್ಯಗಾರರು, ಅದೇ ಸ್ಟುಡಿಯೊ ಮೋಟೌನ್‌ನ ಹತ್ತಾರು ಗಾಯಕರಿಗೆ ಸಿಕ್ಕಿತ್ತು. ‘ಬರ್ನಡೆಟ್’ನಂಥ ಹತಾಶೆ ಬೇರೆ ಯಾರ ಹಾಡಿನಲ್ಲೂ ಆ ಪ್ರಮಾಣದಲ್ಲಿ ಸಿಗುವುದಿಲ್ಲ. ಗಾಯಕಿಯರ ತಂಡ ‘ಸುಪ್ರೀಮ್ಸ್’ಗೆ ಅದೇ ಮೂವರು ಬರೆದ ಹಾಡುಗಳಲ್ಲಿ ದುಃಖ ಕೂಡ ಕನ್ನಡಿಯ ಮುಂದೆ ಕುಳಿತು ಕಣ್ಣೊರೆಸಿಕೊಳ್ಳುತ್ತದೆ. ಟಾಪ್ಸ್ ಹಾಡುಗಳಲ್ಲಿ ಅದು ಬೀದಿಗೆ ಬಂದು ನಿಲ್ಲುತ್ತದೆ.

ಎರಡನೆಯ ತಕರಾರು ಹೆಚ್ಚು ಚುಚ್ಚುವಂಥದು. ಟಾಪ್ಸ್ ಹಾಡುಗಳ ಹಿಮ್ಮೇಳದಲ್ಲಿ ನಾವು ಕೇಳುವುದು ಮೂವರು ಗಂಡಸರನ್ನು ಮಾತ್ರವಲ್ಲ. ಜ್ಯಾಕಿ ಹಿಕ್ಸ್, ಮಾರ್ಲೀನ್ ಬ್ಯಾರೊ, ಲೂವೇನ್ ಡೆಂಪ್ಸ್ ಎಂಬ ಮೂವರು ಹೆಂಗಸರ ‘ಆಂಡಾಂಟೀಸ್’ ತಂಡ ಮೋಟೌನ್‌ನ ಕಾಯಂ ಹಿಮ್ಮೇಳವಾಗಿತ್ತು. ಟಾಪ್ಸ್ ಹಾಡುಗಳ ನೆತ್ತಿಯ ಮೇಲೆ ತೇಲುವ ಎತ್ತರದ ದನಿಗಳು ಅವರವು. ರೆಕಾರ್ಡಿನ ರಟ್ಟಿನ ಮೇಲೆ ಅವರ ಹೆಸರಿರಲಿಲ್ಲ, ಚಿತ್ರವಿರಲಿಲ್ಲ. ವಾದ್ಯಗಾರರ ಹೆಸರೂ 1970ರ ದಶಕ ಬರುವ ತನಕ ಹಾಕುತ್ತಿರಲಿಲ್ಲ. ಹಾಗಾದರೆ ನಾಲ್ವರ ಸ್ನೇಹದ ನಾದ ಎನ್ನುವುದು ಸುಳ್ಳೆ? ಸ್ನೇಹದ ಕತೆಗೆ ಇದರಿಂದ ಪೆಟ್ಟು ಬೀಳುತ್ತದೆ ಎಂದು ಒಪ್ಪಿಕೊಳ್ಳುವುದೇ ಸರಿ. ಎಲ್ಲರಿಗೂ ಸಮಪಾಲು ಎಂದು ಹೊಗಳಿಸಿಕೊಂಡ ತಂಡದ ಹಾಡಿನಲ್ಲಿ ಮೂವರ ಪಾಲು ಲೆಕ್ಕಕ್ಕೇ ಬರಲಿಲ್ಲ. ತಪ್ಪು ಕಂಪನಿಯ ಪದ್ಧತಿಯದು, ಆದರೂ ತಪ್ಪೇ. ಸಂಗೀತದ ವಾದಕ್ಕೆ ಮಾತ್ರ ಇದರಿಂದ ಪೆಟ್ಟಿಲ್ಲ. ಸ್ಟಬ್ಸ್ ದನಿಗೆ ಓಗೊಡುವ ಸಭೆ ಎಷ್ಟು ಮುಖ್ಯ ಎಂದು ಕಂಪನಿಗೆ ಗೊತ್ತಿದ್ದುದರಿಂದಲೇ ಆ ಸಭೆಯನ್ನು ದೊಡ್ಡದು ಮಾಡಿದರು. ಚರ್ಚಿನಲ್ಲೂ ಓಗೊಡುವವರಲ್ಲಿ ಹೆಂಗಸರೇ ಹೆಚ್ಚು.

ಟಾಪ್ಸ್ ಜೊತೆಗೇ ಬೆಳೆದ ‘ಟೆಂಪ್ಟೇಷನ್ಸ್’ ತಂಡವನ್ನು ತೋರಿಸಿ ಇನ್ನೊಂದು ಪ್ರಶ್ನೆ ಕೇಳಬಹುದು. 1968ರಲ್ಲಿ ಡೇವಿಡ್ ರಫಿನ್ ಅವರನ್ನು ತೆಗೆದುಹಾಕಿದರು, 1971ರಲ್ಲಿ ಎಡ್ಡಿ ಕೆಂಡ್ರಿಕ್ಸ್ ಹೊರನಡೆದರು. ಆದರೂ 1972ರಲ್ಲಿ ‘ಪಾಪಾ ವಾಸ್ ಎ ರೋಲಿನ್ ಸ್ಟೋನ್’ ಮೊದಲ ಸ್ಥಾನಕ್ಕೇರಿತು. ಜನ ಬದಲಾದರೂ ನಾದ ಉಳಿಯುತ್ತದಲ್ಲ? ಉಳಿಯುತ್ತದೆ, ಆ ತಂಡದಲ್ಲಿ. ಅಲ್ಲಿ ಐದು ದನಿಗೆ ಐದು ಪಾತ್ರ, ಎಲ್ಲರೂ ಸರದಿಯಂತೆ ಮುಂದೆ ಬಂದು ಹಾಡುವವರು. ಪಾತ್ರಧಾರಿ ಬದಲಾದರೆ ನಾಟಕ ನಿಲ್ಲುವುದಿಲ್ಲ. ಟಾಪ್ಸ್ ಅವರದು ಹಾಗಲ್ಲ. ಒಬ್ಬರು ಮುಂದೆ, ಮೂವರು ಹಿಂದೆ, ಇದು ಸಡಿಲವಾಗಿ ಕಟ್ಟಿದರೆ ಮುರಿಯುವ ರಚನೆ. ಇಂಥ ರಚನೆಯಲ್ಲಿ ಮುಂದಿನವರಿಗೆ ಹಿಂದಿನವರು ಬೇಡವೆನಿಸುವುದೇ ಸಹಜ. ಮೋಟೌನ್‌ನಲ್ಲೇ 1967ರಲ್ಲಿ ‘ಡಯಾನಾ ರಾಸ್ ಮತ್ತು ಸುಪ್ರೀಮ್ಸ್’ ಎಂದು ಹೆಸರು ತಿದ್ದಲಾಯಿತು, ಅದೇ ವರ್ಷ ಫ್ಲಾರೆನ್ಸ್ ಬಲಾರ್ಡ್ ಹೊರಬಿದ್ದರು, ಇನ್ನೆರಡು ಮೂರು ವರ್ಷದಲ್ಲಿ ರಾಸ್ ಕೂಡ ಒಂಟಿಯಾಗಿ ಹೊರಟರು. ‘ಮಿರಕಲ್ಸ್’ ಕೂಡ ಸ್ಮೋಕಿ ರಾಬಿನ್ಸನ್ ಹೆಸರನ್ನು ಮುಂದಿಟ್ಟುಕೊಂಡಿತು. ‘ಲೀವೈ ಸ್ಟಬ್ಸ್ ಮತ್ತು ಫೋರ್ ಟಾಪ್ಸ್’ ಎಂಬ ಫಲಕ ಮಾತ್ರ ಬರಲಿಲ್ಲ. ಸ್ಟಬ್ಸ್ ಒಪ್ಪಲಿಲ್ಲ. ಇದನ್ನು ತ್ಯಾಗವೆಂದು ಕರೆಯುವವರಿದ್ದಾರೆ. ತನ್ನ ದನಿಗೆ ಏನು ಬೇಕು ಎಂದು ತಿಳಿದ ಗಾಯಕನ ಲೆಕ್ಕವೂ ಇದ್ದಿರಬಹುದು ಎಂದು ನನ್ನ ಅನಿಸಿಕೆ.

ಈ ಒಗ್ಗಟ್ಟಿಗೆ ತೆತ್ತ ಬೆಲೆಯ ಬಗ್ಗೆ ಅಭಿಮಾನಿಗಳು ಹೆಚ್ಚು ಮಾತಾಡುವುದಿಲ್ಲ. 1969ರ ಮೇ ತಿಂಗಳಲ್ಲಿ ತಂಡ ಕ್ಯಾಲಿಫೋರ್ನಿಯಾ ಕಡೆ ಹೋಗಿದ್ದಾಗ, ಬರ್ಕ್ಲಿಯ ಪೀಪಲ್ಸ್ ಪಾರ್ಕ್ ಬಳಿ ಪ್ರತಿಭಟನೆಗೆ ನಿಂತ ಯುವಜನರ ಮೇಲೆ ಪೊಲೀಸರು ಬಿದ್ದದ್ದನ್ನು ಓಬಿ ಬೆನ್ಸನ್ ನೋಡಿದರು. ಇಲ್ಲಿ ಏನಾಗುತ್ತಿದೆ ಎಂಬ ಪ್ರಶ್ನೆಯನ್ನು ಹೊತ್ತುಕೊಂಡೇ ಅಲ್ಲಿಂದ ಹೊರಟವರು, ರಚನೆಕಾರ ಆಲ್ ಕ್ಲೀವ್‌ಲ್ಯಾಂಡ್ ಜೊತೆ ಕೂತು ಒಂದು ಹಾಡು ಶುರುಮಾಡಿದರು. ತಂಡದ ಉಳಿದವರು ಬೇಡವೆಂದರು. ಅವರಿಗೆ ಅದು ಪ್ರತಿಭಟನೆಯ ಹಾಡು. ಬೆನ್ಸನ್‌ಗೆ ಅದು ಪ್ರೀತಿಯ ಹಾಡೇ. ಕೊನೆಗೆ ಅದು ಗಾಯಕ ಮಾರ್ವಿನ್ ಗೇ ಕೈಸೇರಿತು, ಗೇ ಅದಕ್ಕೆ ತಮ್ಮದನ್ನೂ ಸೇರಿಸಿದರು. 1971ರ ಜನವರಿಯಲ್ಲಿ ಹೊರಬಂದ ‘ವಾಟ್ಸ್ ಗೋಯಿಂಗ್ ಆನ್’ ಇಂದಿಗೂ ಅಮೆರಿಕದ ಅತಿ ಮುಖ್ಯ ಹಾಡುಗಳ ಸಾಲಿನಲ್ಲಿದೆ. ನಾಲ್ವರ ಒಪ್ಪಿಗೆಯ ಮೇಲೆ ನಡೆಯುವ ತಂಡದಲ್ಲಿ ಯಾರೂ ಬಿಟ್ಟುಹೋಗುವುದಿಲ್ಲ, ಸರಿ. ಆದರೆ ಯಾರೂ ಬಹಳ ಮುಂದೆಯೂ ಹೋಗುವಂತಿಲ್ಲ. ಹಿಂದೆ ನಿಂತವರಲ್ಲಿ ಒಬ್ಬರಿಗೆ ಹೇಳಬೇಕಾದದ್ದೊಂದು ಹುಟ್ಟಿದಾಗ ಅದಕ್ಕೆ ಬೇರೆ ಬಾಯಿ ಹುಡುಕಬೇಕಾಯಿತು. ಓಗೊಡುವವರ ಮೇಲೆ ನಿಂತ ನಾದ ಎಂದು ನಾನು ಹೊಗಳಿದ್ದರ ಇನ್ನೊಂದು ಮಗ್ಗುಲು ಇದು, ಇದಕ್ಕೆ ನನ್ನಲ್ಲಿ ಸಮಜಾಯಿಷಿ ಇಲ್ಲ.

ಹಾಲೆಂಡ್–ಡೋಜ಼ಿಯರ್–ಹಾಲೆಂಡ್ ಮೋಟೌನ್ ಬಿಟ್ಟ ಮೇಲೆ ಟಾಪ್ಸ್ ಹಾಡುಗಳ ಆ ಜ್ವರ ಇಳಿಯಿತು. 1972ರಲ್ಲಿ ಕಂಪನಿ ಲಾಸ್ ಏಂಜಲೀಸ್‌ಗೆ ಗಂಟುಮೂಟೆ ಕಟ್ಟಿದಾಗ ಇವರು ಹಿಂದೆ ಹೋಗಲಿಲ್ಲ. ಬೇರೆ ಕಂಪನಿಗಳಲ್ಲಿ 1973ರಲ್ಲಿ ‘ಏಂಟ್ ನೊ ವುಮನ್’, 1981ರಲ್ಲಿ ‘ವೆನ್ ಶಿ ವಾಸ್ ಮೈ ಗರ್ಲ್’ ಗೆದ್ದವು. 1990ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಮನ್ನಣೆ ಬಂತು. ಇದೆಲ್ಲ ಗೌರವದ ದಿನಗಳು, ಅದಕ್ಕಿಂತ ಹೆಚ್ಚಿನದಲ್ಲ. ಸ್ಟಬ್ಸ್ ತಂಡ ಬಿಟ್ಟು ಹಾಡಿ ಹೆಸರು ಮಾಡಿದ್ದು ಒಂದೇ ಕಡೆ: 1986ರ ‘ಲಿಟ್ಲ್ ಶಾಪ್ ಆಫ್ ಹಾರರ್ಸ್’ ಸಿನಿಮಾದಲ್ಲಿ, ಮನುಷ್ಯರನ್ನು ನುಂಗುವ ಒಂದು ಗಿಡಕ್ಕೆ ದನಿಯಾಗಿ. ಅಲ್ಲೂ ಮುಖ ಕಾಣುವುದಿಲ್ಲ. ತಮಾಷೆಯೆಂದರೆ ಆ ಸಿನಿಮಾದಲ್ಲೂ ಕತೆಗೆ ಹಿಮ್ಮೇಳ ಹಾಡುವ ಮೂವರು ಹುಡುಗಿಯರಿದ್ದಾರೆ. ಅವರಿಗಿಟ್ಟಿರುವುದು ಅರವತ್ತರ ದಶಕದ ಗಾಯಕಿಯರ ತಂಡಗಳ ಹೆಸರು.

1997ರ ಜೂನ್‌ನಲ್ಲಿ ಲಾರೆನ್ಸ್ ಪೇಟನ್ ಕ್ಯಾನ್ಸರ್‌ನಿಂದ ತೀರಿಕೊಂಡರು. ಆಮೇಲೆ 2005ರಲ್ಲಿ ಬೆನ್ಸನ್, 2008ರಲ್ಲಿ ಸ್ಟಬ್ಸ್, 2024ರ ಜುಲೈಯಲ್ಲಿ 88ರ ವಯಸ್ಸಿನ ಫಕೀರ್ ಹೋದರು. ತಂಡದ ಹೆಸರಿನಲ್ಲಿ ಈಗ ಹಾಡುತ್ತಿರುವವರಲ್ಲಿ ಮೊದಲಿನವರು ಯಾರೂ ಇಲ್ಲ, ಪೇಟನ್ ಅವರ ಮಗ ಆ ಸಾಲಿಗೆ ಬಂದಿದ್ದಾರೆ. ಈ ಸಾವುಗಳಲ್ಲಿ ಜಗತ್ತು ಹೆಚ್ಚು ಸುದ್ದಿ ಮಾಡಿದ್ದು ಸಹಜವಾಗಿಯೇ ಸ್ಟಬ್ಸ್ ಅವರದನ್ನು. ಪೇಟನ್ ಹೆಸರನ್ನು ಕೇಳುಗರಲ್ಲಿ ಎಷ್ಟೋ ಮಂದಿ ಕೇಳಿಯೂ ಇರಲಿಲ್ಲ. ಹಿಂದೆ ನಿಂತು ಯಾರು ಯಾವ ಸ್ವರ ಹಿಡಿಯಬೇಕೆಂದು ಹೇಳುತ್ತಿದ್ದವರು ಅವರು. ಅವರಿಲ್ಲದ ಮೊದಲ ದಿನಗಳಲ್ಲಿ ಉಳಿದ ಮೂವರು ಇನ್ನೊಬ್ಬರನ್ನು ಕರೆತರಲಿಲ್ಲ. ಮುಖ್ಯ ಗಾಯಕ ಇದ್ದೇ ಇದ್ದರು, ಹಾಡುಗಳೂ ಜನರ ಬಾಯಲ್ಲಿದ್ದವು, ‘ಫೋರ್ ಟಾಪ್ಸ್’ ಎಂಬ ಹೆಸರಿಗೆ ಟಿಕೆಟ್ಟು ಮಾರುವ ಶಕ್ತಿಯೂ ಇತ್ತು. ಅವರು ಹೆಸರಿನಿಂದ ‘ಫೋರ್’ ಅನ್ನು ತೆಗೆದು, ಬರೀ ‘ದಿ ಟಾಪ್ಸ್’ ಎಂದು ಬರೆಸಿಕೊಂಡು ವೇದಿಕೆ ಹತ್ತಿದರು.